ಹಲಗಲಿಗೆ ದಿಲ್ಲಿಯ ಹಂಗಿಲ್ಲ

ಉತ್ತರ ಕರ್ನಾಟಕದ ವೀರ ಲಾವಣಿಗಳ ಬಗ್ಗೆ ಬರೆದವರಲ್ಲಿ ಬಹುತೇಕರು ಒಂದು ತೀರ್ಪನ್ನು ಒರೆಗೆ ಹಚ್ಚದೆಯೇ ಒಪ್ಪಿಕೊಂಡು ಬಂದಿದ್ದಾರೆ. ಈ ಹಾಡುಗಳ ನೋಟ ಊರಿನ ಸೀಮೆಯನ್ನು ದಾಟುವುದಿಲ್ಲ, ಸ್ವಾತಂತ್ರ್ಯ ಸಂಗ್ರಾಮದ ಮಹಾಕಥನದೊಳಗೆ ಇಟ್ಟು ಓದಿದಾಗಲೇ ಇವುಗಳಿಗೆ ಪೂರ್ಣ ಅರ್ಥ ದಕ್ಕುತ್ತದೆ ಎಂಬುದು ಆ ತೀರ್ಪು. ಮೇಲ್ನೋಟಕ್ಕೆ ಔದಾರ್ಯದಂತೆ ಕಾಣುವ ಈ ಮಾತು ವಾಸ್ತವವಾಗಿ ಲಾವಣಿಯನ್ನು ಸಾಕ್ಷ್ಯಪತ್ರದ ಮಟ್ಟಕ್ಕೆ ಇಳಿಸುತ್ತದೆ, ಏಕೆಂದರೆ ಇದನ್ನು ಒಪ್ಪಿದ ಮೇಲೆ ಹಾಡಿನ ಬೆಲೆ ಹಾಡಿನಲ್ಲಿ ಉಳಿಯದೆ ಅದು ಯಾವ ದೊಡ್ಡ ಘಟನೆಗೆ ಪುರಾವೆಯಾಯಿತು ಎಂಬುದರಲ್ಲಿ ಹೋಗಿ ಸೇರುತ್ತದೆ.

ಇಲ್ಲಿರುವ ಪ್ರಶ್ನೆ ಕನ್ನಡಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಚಿತ್ರಕಥಾ ಪುಸ್ತಕಗಳಲ್ಲಿ ‘ಹಂಚಿಕೆಯ ಕಥಾಲೋಕ’ ಎಂಬ ವ್ಯವಸ್ಥೆಯೊಂದಿದೆ. ಬೇರೆ ಬೇರೆ ಕಥೆಗಳ ನಾಯಕರು ಒಂದೇ ಜಗತ್ತಿನಲ್ಲಿ ಬದುಕುತ್ತಾರೆ, ಒಬ್ಬರ ಕಥೆಯೊಳಗೆ ಇನ್ನೊಬ್ಬರು ಬಂದು ಹೋಗುತ್ತಾರೆ ಎಂಬುದು ಅದರ ಕರಾರು. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜಾಕ್ ಕರ್ಬಿ ಸೃಷ್ಟಿಸಿದ ‘ಎಕ್ಸ್-ಮೆನ್’ ತಂಡದ ತಿರುಳು, ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ ಕೆಲವರನ್ನು ಸಮಾಜ ಭಯಪಟ್ಟು ದ್ವೇಷಿಸುತ್ತದೆ ಎಂಬುದರಲ್ಲಿದೆ. ಆದರೆ ಅದೇ ಜಗತ್ತಿನಲ್ಲಿ ಅಂಥದೇ ಶಕ್ತಿಯಿರುವ ಬೇರೆ ತಂಡಗಳಿಗೆ ಜನ ಜಯಕಾರ ಹಾಕುತ್ತಿರುವಾಗ ಆ ದ್ವೇಷಕ್ಕೆ ಆಧಾರವೇ ಉಳಿಯುವುದಿಲ್ಲ. 2000ದಲ್ಲಿ ಆರಂಭವಾದ ಇವರ ಚಲನಚಿತ್ರ ಸರಣಿಯಲ್ಲಿ ಆ ಬೇರೆ ತಂಡಗಳು ಇರಲಿಲ್ಲವಾದ್ದರಿಂದಲೇ ಭಯಕ್ಕೆ ಮತ್ತು ಒಂಟಿತನಕ್ಕೆ ತರ್ಕ ದೊರೆಯಿತು. ತಂಡವೊಂದರ ಬಲ ಅದರ ಲೋಕದ ಷರತ್ತುಗಳಿಂದ ಬರುತ್ತದೆ, ಆ ಷರತ್ತುಗಳನ್ನು ಸಡಿಲಿಸಿದರೆ ವೇಷ ಉಳಿದು ವೀರ ಹೋಗುತ್ತಾನೆ.

ಈ ಮಾತಿಗೆ ಕನ್ನಡದಲ್ಲಿ ‘ಹಲಗಲಿಯ ಬೇಡರು’ ಲಾವಣಿಗಿಂತ ಗಟ್ಟಿಯಾದ ನಿದರ್ಶನ ಸಿಗುವುದು ಕಷ್ಟ. 1857ರ ನಿಶ್ಶಸ್ತ್ರೀಕರಣ ಕಾಯ್ದೆ, ಅಂದರೆ ಪ್ರಜೆಗಳು ಅನುಮತಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂಬ ಆಜ್ಞೆ, ಮುಧೋಳ ಸೀಮೆಯ ಹಲಗಲಿಯನ್ನು ತಲುಪಿದಾಗ ಅಲ್ಲಿಯ ಬೇಡರು ಹತಾರ ಕೊಡಲು ನಿರಾಕರಿಸಿ ಹೋರಾಡಿದರು. ಊರು ಸುಟ್ಟುಹೋಯಿತು, ಹತ್ತೊಂಬತ್ತು ಮಂದಿಗೆ ಗಲ್ಲಾಯಿತು. ಆ ಕಾಲದ ಇಂಥ ಲಾವಣಿಗಳನ್ನು ಸಂಗ್ರಹಿಸಿದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು, ಮುಂದೆ ಈ ಲಾವಣಿ ಶಾಲೆಯ ಪಠ್ಯವೂ ಆಯಿತು. ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವ, ಎಂದರೆ ಕವಿ ತನ್ನ ಹಾಡಿಗೆ ಒತ್ತುವ ದೈವದ ಮುದ್ರೆಯಿರುವ, ಈ ಕೃತಿಯಲ್ಲಿ ಹಣಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಮಾತಾಡಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಅವರ ನೆರವಿಗೆ ನಾನಾಸಾಹೇಬನೂ ಇಲ್ಲ, ಝಾನ್ಸಿಯೂ ಇಲ್ಲ. ಹೊರಜಗತ್ತು ಈ ಹಾಡಿಗೆ ಗೊತ್ತಿಲ್ಲವೆನ್ನುವಂತಿಲ್ಲ, ವಿಲಾಯತಿಯಿಂದ ಹುಕುಮು ಬಂದ ಸಂಗತಿಯಿಂದಲೇ ಹಾಡು ತೊಡಗುತ್ತದೆ. ಆದರೆ ಆ ಹೊರಜಗತ್ತಿಗೆ ಕವಿ ಕೊಟ್ಟಿರುವ ಪಾತ್ರ ಹುಕುಮಿನದು ಮಾತ್ರ. ನೆರವು ಬಾರದ ಲೋಕವನ್ನು ಕಟ್ಟಿದ್ದರಿಂದಲೇ ಹತಾರ ಬಿಟ್ಟರೆ ಬಾಳಿಲ್ಲ ಎಂಬ ಆ ನಾಲ್ವರ ಹಟಕ್ಕೆ ತೂಕ ಬಂದಿದೆ.

ಲಾವಣಿಯ ಕೊನೆಗೆ ಬರುವ ಲೂಟಿಯ ಭಾಗವನ್ನು ಮುನ್ನುಡಿಕಾರರು ಅವಸರದಲ್ಲಿ ದಾಟಿಬಿಡುತ್ತಾರೆ. ದಂಡಿನವರು ಊರಿನಿಂದ ಹೊತ್ತೊಯ್ದ ವಸ್ತುಗಳನ್ನು ಕವಿ ಒಂದೊಂದಾಗಿ ಹೆಸರಿಸುತ್ತಾನೆ: ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಅರಿಶಿನ, ಜೀರಿಗೆ, ಬೆಲ್ಲ, ಚರಿಗೆ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು. ಸಾಮ್ರಾಜ್ಯದ ದಂಡು ಜೀರಿಗೆಗೂ ಬೀಸುಕಲ್ಲಿಗೂ ಕೈಹಾಕಿತೆಂದು ಹೇಳುವುದರಲ್ಲಿ ಇರುವ ತಿರಸ್ಕಾರ ಯಾವ ರಾಷ್ಟ್ರೀಯ ಪ್ರಬಂಧಕ್ಕೂ ಎಟುಕಿಲ್ಲ. ಮಹಾಕಥನದೊಳಗೆ ಇಟ್ಟು ನೋಡಿದರೆ ಹಲಗಲಿಯ ಸೋಲು 1947ರ ಗೆಲುವಿಗೆ ಮೆಟ್ಟಿಲಾಗಿ ಸಮಾಧಾನ ಕೊಡುತ್ತದೆ, ಲಾವಣಿ ಆ ಸಮಾಧಾನವನ್ನು ಕೊಡುವುದಿಲ್ಲ. ಅಡುಗೆಮನೆ ಬರಿದಾದಲ್ಲಿಗೆ ಅದರ ಲೋಕ ಮುಗಿಯುತ್ತದೆ.

ಮಹಾಭಾರತದ ಕವಿಗಳು ಹಂಚಿಕೆಯ ಲೋಕದಲ್ಲಿಯೇ ಬರೆದು ಗೆದ್ದರಲ್ಲ ಎಂದು ಕೇಳುವವರಿಗೆ ಉತ್ತರ ಅದೇ ಮುಧೋಳದಲ್ಲಿದೆ. ಅಲ್ಲಿಯ ರನ್ನ ‘ಗದಾಯುದ್ಧ’ದಲ್ಲಿ ಸಿಂಹಾವಲೋಕನ ಕ್ರಮವನ್ನು, ಅಂದರೆ ಸಿಂಹ ನಡೆದ ದಾರಿಯನ್ನು ತಿರುಗಿ ನೋಡುವಂತೆ ಹಿಂದಿನ ಕಥೆಯನ್ನು ಅವಲೋಕಿಸುವ ವಿಧಾನವನ್ನು, ಅನುಸರಿಸಿ ಇಡೀ ಭಾರತವನ್ನು ಒಂದು ದ್ವಂದ್ವಯುದ್ಧದ ಅಂಗಳಕ್ಕೆ ಕರೆತಂದನು. ಅಲ್ಲಿ ದೊಡ್ಡ ಲೋಕ ಚಿಕ್ಕ ಘಟನೆಯ ಊಳಿಗಕ್ಕೆ ನಿಂತಿದೆ. ಲಾವಣಿಯ ವಿಮರ್ಶಕರು ಮಾಡಿದ್ದು ಇದಕ್ಕೆ ತೀರ ವಿರುದ್ಧವಾದ ಕೆಲಸ.

ಈ ವಿರುದ್ಧ ಕೆಲಸದ ಫಲ ಏನೆಂಬುದು ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ 1911ರ ಜೂನ್ 8ರಂದು ಹುಟ್ಟಿದ ಮೈಲಾರ ಮಹಾದೇವಪ್ಪನವರು ಹತ್ತೊಂಬತ್ತು ತುಂಬುವ ಮೊದಲೇ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದರು. ಕರ್ನಾಟಕದಿಂದ ಹೋದವರು ಅವರೊಬ್ಬರೇ ಎಂಬ ಮಾತು ಪ್ರತಿ ಭಾಷಣದಲ್ಲೂ ಬರುತ್ತದೆ. ಆದರೆ ಅವರ ಸ್ವಂತ ಕಥೆ ದಂಡಿಯದಲ್ಲ. ಕ್ವಿಟ್ ಇಂಡಿಯಾ ಕಾಲದಲ್ಲಿ ಈ ಭಾಗದ ಹಳ್ಳಿಗಳ ಬಲದ ಮೇಲೆ ತಂಡ ಕಟ್ಟಿ ಸರ್ಕಾರದ ಆಡಳಿತವನ್ನೇ ಕಂಗೆಡಿಸಿದ ಅವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಲ್ಲಿಯೇ ಬಿದ್ದರು.

ರಾಷ್ಟ್ರೀಯ ಕಥಾಲೋಕದ ಷರತ್ತು ಸತ್ಯಾಗ್ರಹ. ಖಜಾನೆಗೆ ನುಗ್ಗಿದ ಹೊಸರಿತ್ತಿಯ ಮೂವರು ಆ ಷರತ್ತಿಗೆ ಸಲೀಸಾಗಿ ಒಗ್ಗುವುದಿಲ್ಲ. ಆದ್ದರಿಂದ ಆ ಲೋಕ ದಂಡಿಯ ತರುಣನನ್ನು ಮುಂದಿಟ್ಟುಕೊಂಡು ಹೊಸರಿತ್ತಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ. ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪನವರ ಹೆಸರಿದೆ, 2018ರಲ್ಲಿ ಅವರ ಅಂಚೆಚೀಟಿಯೂ ಬಂದಿದೆ. ಈ ಗೌರವ ಸಲ್ಲಲೇಬೇಕಾದದ್ದು, ಆದರೆ ಜೊತೆಗೆ ಸತ್ತ ಇಬ್ಬರ ಹೆಸರು ಜಿಲ್ಲೆಯಾಚೆ ಎಷ್ಟು ಜನಕ್ಕೆ ಗೊತ್ತು? ದೊಡ್ಡ ಕಥೆ ತಂಡವನ್ನು ಎಂದೂ ಇಡಿಯಾಗಿ ಒಯ್ಯುವುದಿಲ್ಲ, ತನಗೆ ಬೇಕಾದ ಒಬ್ಬನನ್ನು ಬಿಡಿಸಿಕೊಂಡು ಹೋಗುತ್ತದೆ. ಹಲಗಲಿಯ ನಾಲ್ವರು ನಾಲ್ವರಾಗಿಯೇ ಉಳಿದದ್ದು ಲಾವಣಿಕಾರನ ದಯೆಯಿಂದ.

ಹಾಗಾಗಿ ಇದು ಬರಿಯ ಜಾನಪದದ ತಕರಾರಲ್ಲ, ಅಳತೆಯನ್ನೇ ಯೋಗ್ಯತೆ ಎಂದು ತಿಳಿದ ಅಭಿರುಚಿಯೊಂದಿಗಿನ ಜಗಳ. ಒಂದು ಚಿತ್ರಕ್ಕೆ ಮುಂದಿನ ಭಾಗವಿದ್ದರೇ ಘನತೆ, ಒಬ್ಬ ಕವಿಗೆ ಚಳವಳಿಯ ಹೆಸರು ಅಂಟಿದರೇ ಮಾನ್ಯತೆ, ಒಂದು ಊರಿಗೆ ದೇಶದ ಚರಿತ್ರೆಯಲ್ಲಿ ಅಡಿಟಿಪ್ಪಣಿ ಸಿಕ್ಕರೇ ಧನ್ಯತೆ ಎಂದು ನಂಬಿದ ಈ ಅಭಿರುಚಿಗೆ, ದಪ್ಪು ಮತ್ತು ತುಂತುಣಿಯ ಜೊತೆ ನಾಲ್ಕು ಜನ ಒಂದು ರಾತ್ರಿಯಲ್ಲಿ ಕಟ್ಟಿ ಮುಗಿಸುವ ಲೋಕ ಅಪೂರ್ಣವೆನಿಸುವುದು ಸಹಜವೇ. ಆದರೆ ಅಪೂರ್ಣತೆ ಇರುವುದು ಆ ಕಿವಿಯಲ್ಲಿ. ಪಠ್ಯಗಳು ಹಲಗಲಿಯನ್ನು ಮೊದಲು ಹಾಡಾಗಿ ಓದಿಸಿ 1857ನ್ನು ಆಮೇಲೆ ಹೇಳಲಿ, ಮೋಟೆಬೆನ್ನೂರಿನವರು ದಂಡಿಗಿಂತ ಮೊದಲು ಹೊಸರಿತ್ತಿಯ ಮೂರು ಹೆಸರುಗಳನ್ನು ಒಟ್ಟಿಗೆ ಹೇಳಲಿ. ದೇಶದ ಕಥೆಗೆ ಇದರಿಂದ ಯಾವ ಕೊರತೆಯೂ ಆಗದು. ಇಷ್ಟು ಚಿಕ್ಕ ತಂಡಗಳನ್ನು ಒಡೆಯದೆ ನಿಲ್ಲಲಾರದ ಕಥೆಯಾದರೆ ಅದು ದೊಡ್ಡದೆನಿಸಿಕೊಳ್ಳಲು ಅರ್ಹವೇ ಅಲ್ಲ.