ಖಂಡಸ್ಫುಟಿತ ಜೀರ್ಣೋದ್ಧಾರ: ಕಲಾಸ್ಥಳ ಮತ್ತು ಸಾರ್ವಜನಿಕ ಅನುದಾನ

1

ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ರೂಢಿಯ ಒಕ್ಕಣೆ ಪರಿಚಿತವಾದುದು. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಭೂಮಿಯನ್ನು ಬಿಟ್ಟುಕೊಟ್ಟ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಗಭೋಗವೆಂದರೆ ದೇವರ ನಿತ್ಯೋಪಚಾರ. ರಂಗಭೋಗವೆಂದರೆ ಗೀತ, ವಾದ್ಯ, ನೃತ್ಯಗಳ ಸೇವೆ. ಮೂರನೆಯದು ಒಡೆದ ಕಲ್ಲು, ಬಿರಿದ ಗೋಡೆಗಳ ದುರಸ್ತಿ. ದಾನ ಕೊಟ್ಟವನು ಕಲೆಗೆ ಮಾತ್ರವಲ್ಲ, ಕಲೆ ನಡೆಯುವ ಸ್ಥಳವು ಕಾಲಾನುಕ್ರಮದಲ್ಲಿ ಸವೆಯುತ್ತದೆ ಎಂಬ ಸತ್ಯಕ್ಕೂ ಹಣದ ಏರ್ಪಾಡು ಮಾಡಿದ್ದನು ಎಂಬುದು ಇಲ್ಲಿ ಗಮನಾರ್ಹ. ಕೊಟ್ಟದ್ದು ಭೂಮಿಯಾದ್ದರಿಂದ ಅದರ ಹುಟ್ಟುವಳಿ ವರ್ಷವರ್ಷವೂ ಬರುತ್ತಿತ್ತು. ಪ್ರತಿವರ್ಷ ಹೊಸದಾಗಿ ಅರ್ಜಿ ಸಲ್ಲಿಸುವ ಪ್ರಮೇಯವಿರಲಿಲ್ಲ.

ಇದನ್ನು ಗತವೈಭವದ ಸ್ತುತಿಯಾಗಿ ಹೇಳುತ್ತಿಲ್ಲ. ಆ ರಂಗಭೋಗಕ್ಕೆ ಯಾರು ಪ್ರೇಕ್ಷಕರು, ಯಾರು ಗುಡಿಯ ಹೊರಗೆ ನಿಂತವರು ಎಂಬುದು ನಮಗೆ ತಿಳಿದಿದೆ. ಆದರೆ ಸ್ವತಂತ್ರವೂ ವಾಣಿಜ್ಯೇತರವೂ ಆದ ಕಲಾಸ್ಥಳಗಳಿಗೆ ಇಂದಿನ ಪ್ರಭುತ್ವವು ನೀಡುವ ನೆರವನ್ನು ಪರಿಶೀಲಿಸುವಾಗ ಈ ಮೂರು ಬಾಬುಗಳ ವಿಂಗಡಣೆ ಉಪಯುಕ್ತವಾದ ಅಳತೆಗೋಲಾಗುತ್ತದೆ. ನಮ್ಮ ಕಾಲದ ಅನುದಾನವು ರಂಗಭೋಗವನ್ನು ಅಷ್ಟಿಷ್ಟು ಬಲ್ಲದು. ಜೀರ್ಣೋದ್ಧಾರವನ್ನು ಮರೆತಿದೆ ಎಂಬುದು ಪ್ರಸ್ತುತ ಬರಹದ ವಾದ.

2

ಮೊದಲು ಅಹಮದಾಬಾದನ್ನು ನೋಡಬಹುದು. ಸ್ವಾತಂತ್ರ್ಯಾನಂತರದ ಆರಂಭದ ದಶಕಗಳಲ್ಲಿ ಅಲ್ಲಿನ ನಗರಸಭೆಯು ಕಲೆಗಾಗಿ ಕಟ್ಟಡಗಳನ್ನು ಕಟ್ಟಿಸಿತು. ಲೆ ಕಾರ್ಬೂಸಿಯೆ ವಿನ್ಯಾಸ ಮಾಡಿದ ಸಂಸ್ಕಾರ ಕೇಂದ್ರ, ಅದರ ನೆರೆಯಲ್ಲಿಯೇ ಬಿ. ವಿ. ದೋಶಿಯವರ ಟಾಗೋರ್ ಸಭಾಂಗಣ, ಇವೆರಡೂ ಸಾರ್ವಜನಿಕ ಹಣದ ಫಲಗಳು. ಇದಕ್ಕೆ ಸಮಾನಾಂತರವಾಗಿ ಉದ್ಯಮಿ ಮನೆತನಗಳ ಆಶ್ರಯದ ಪರಂಪರೆಯೊಂದು ಬೆಳೆಯಿತು. ಮೃಣಾಲಿನಿ ಸಾರಾಭಾಯಿ 1949ರಲ್ಲಿ ಸ್ಥಾಪಿಸಿದ ದರ್ಪಣ ಅಕಾಡೆಮಿ, 1984ರ ಕನೋರಿಯಾ ಕಲಾಕೇಂದ್ರ ಈ ಪರಂಪರೆಗೆ ಸೇರಿದವು. ಇವೆಲ್ಲವೂ ಸಾಬರಮತಿಯ ಪಶ್ಚಿಮ ದಂಡೆಯ ಕಡೆಯವು ಎಂಬುದು ಆಕಸ್ಮಿಕವಲ್ಲ. ಗಿರಣಿಗಳೂ ಕಾರ್ಮಿಕರ ವಸತಿಗಳೂ ಪೂರ್ವದವು.

ನಗರದ ಆಗ್ನೇಯ ಅಂಚಿನ ವಟ್ವಾದಲ್ಲಿ ಪ್ರಭುತ್ವದ ಎರಡು ಮುಖಗಳು ಒಟ್ಟಿಗೆ ಕಾಣುತ್ತವೆ. ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವು ಉದ್ದಿಮೆಗಳಿಗಾಗಿ ರೂಪಿಸಿದ ವಸಾಹತು ಒಂದು. ಹದಿನೈದನೆಯ ಶತಮಾನದ ಸೂಫಿ ಸಂತ ಕುತುಬ್-ಎ-ಆಲಂ ಅವರ, ಸಂರಕ್ಷಿತ ಸ್ಮಾರಕವಾದ ರೋಜಾ ಇನ್ನೊಂದು. ಉತ್ಪಾದನೆಗೆ ನೆಲ ಕೊಡುವುದೂ ಗತಕಾಲದ ಕಟ್ಟಡವನ್ನು ಕಾಯುವುದೂ ತನ್ನ ಹೊಣೆಯೆಂದು ಪ್ರಭುತ್ವ ಒಪ್ಪಿದೆ. ಇವೆರಡರ ನಡುವೆ ಬದುಕುವವರು ಇಂದು ಹಾಡಲು, ಆಡಲು, ಚಿತ್ರ ಬರೆಯಲು ಬೇಕಾದ ಸ್ಥಳದ ವಿಷಯದಲ್ಲಿ ಅಂತಹ ಒಪ್ಪಿಗೆ ಇಲ್ಲ.

ಈ ಕೊರತೆಯ ಅರ್ಥ ಸ್ಪಷ್ಟವಾಗುವುದು ಅದೇ ನಗರದ ಛಾರಾನಗರದಲ್ಲಿ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಳಂಕ ಹೊತ್ತು, 1952ರಲ್ಲಿ ಪಟ್ಟಿಯಿಂದ ಬಿಡುಗಡೆಗೊಂಡ ಛಾರಾ ಸಮುದಾಯದ ಯುವಕರು 1998ರಲ್ಲಿ ಬುಧನ್ ಥಿಯೇಟರ್ ಆರಂಭಿಸಿದರು. ಪಶ್ಚಿಮ ಬಂಗಾಳದಲ್ಲಿ ಪೊಲೀಸರ ವಶದಲ್ಲಿದ್ದಾಗ ಮೃತನಾದ ಬುಧನ್ ಶಬರನ ಕಥೆಯೇ ಅವರ ಮೊದಲ ನಾಟಕದ ವಸ್ತು. ಮಹಾಶ್ವೇತಾ ದೇವಿ ಮತ್ತು ಗಣೇಶ ದೇವಿ ಅವರ ಪ್ರೇರಣೆಯಿಂದ ಹುಟ್ಟಿದ ಈ ಚಟುವಟಿಕೆಯ ನೆಲೆ ಒಂದು ಸಣ್ಣ ಗ್ರಂಥಾಲಯ. ಪೊಲೀಸರನ್ನು ಪ್ರಶ್ನಿಸುವ ನಾಟಕಕ್ಕೆ ಪ್ರಭುತ್ವವೇ ಹಣ ಕೊಡಬೇಕೆ? ಕೊಟ್ಟರೆ ನಾಟಕ ಹಾಗೆಯೇ ಉಳಿದೀತೆ? ನಮ್ಮ ವಿಷಯದ ಕಠಿಣ ಪ್ರಶ್ನೆ ಇದು.

3

ಗುಜರಾತಿನ ಈ ಅನುಭವದಿಂದ ಕರ್ನಾಟಕಕ್ಕೆ ಬಂದರೆ ಮೂರು ಭಿನ್ನ ಮಾದರಿಗಳು ದೊರೆಯುತ್ತವೆ.

1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಮೊದಲನೆಯದು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ನಡೆಯಿತು. 1985ರಲ್ಲಿ ‘ತಿರುಗಾಟ’ ಹೊರಟಿತು. ಕೆ. ವಿ. ಸುಬ್ಬಣ್ಣನವರ ದೂರದೃಷ್ಟಿಯನ್ನು ಈ ಅನುಕ್ರಮದಲ್ಲಿಯೇ ಓದಬಹುದು. ಹೊರಗಿನ ಹಣ ಬಂದು ನಿಂತ ಮೇಲೆ, ಊರೂರಿನ ಸಂಘಟಕರೇ ಪ್ರಯೋಗವನ್ನು ಕರೆಸಿಕೊಳ್ಳುವ ತಿರುಗಾಟವು ಉಳಿಯಿತು. ಅನುದಾನವನ್ನು ಆಧಾರಸ್ತಂಭವಾಗಿಸದೆ ಏಣಿಯಾಗಿ ಬಳಸಿದ ನಿದರ್ಶನವಿದು. ಆದರೆ ಇದರಿಂದ ಅನುದಾನವೇ ಬೇಡವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಅರ್ಧ ಶತಮಾನದ ಸಮುದಾಯದ ಬೇರು ಎಲ್ಲ ಸಂಸ್ಥೆಗಳಿಗೂ ಇರುವುದಿಲ್ಲ.

ಎರಡನೆಯದು 2004ರಲ್ಲಿ ಬೆಂಗಳೂರಿನಲ್ಲಿ ತೆರೆದ ರಂಗಶಂಕರ. ಸರ್ಕಾರವು ಗುತ್ತಿಗೆಯ ಮೇಲೆ ನೆಲ ಕೊಟ್ಟಿತು. ದಾನಿಗಳು ಕಟ್ಟಡಕ್ಕೆ ಹಣ ಕೊಟ್ಟರು. ಆಡಳಿತ ರಂಗಕರ್ಮಿಗಳ ವಿಶ್ವಸ್ತ ಮಂಡಳಿಯಲ್ಲಿ ಉಳಿಯಿತು. ಪ್ರಭುತ್ವದ ನೆರವು ನೆಲದ ರೂಪದಲ್ಲಿದ್ದುದರಿಂದ ಅದು ನಾಟಕದ ಆಯ್ಕೆಯೊಳಕ್ಕೆ ಪ್ರವೇಶಿಸುವ ಅವಕಾಶ ಕಡಿಮೆಯಾಯಿತು. ಹಳೆಯ ಭೂದಾನದ ತರ್ಕಕ್ಕೆ ಇದು ಹತ್ತಿರದ್ದು.

ಮೂರನೆಯದು ಎಚ್ಚರಿಕೆಯ ಮಾದರಿ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯು ಸರ್ಕಾರದ್ದೇ ಆದರೂ, ಅಲ್ಪ ಬಾಡಿಗೆಗೆ ದೊರೆಯುತ್ತಿದ್ದುದರಿಂದ ಮಾರುಕಟ್ಟೆಯ ಬೆಂಬಲವಿಲ್ಲದ ಕಲಾವಿದರ ಪಾಲಿಗೆ ಸ್ವತಂತ್ರ ಸ್ಥಳವಾಗಿತ್ತು. ದುರಸ್ತಿಯಿಲ್ಲದೆ ಅದು ಸೊರಗಿತು. 2015ರಲ್ಲಿ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದವಾಯಿತು, 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು, ಯೋಜನೆ ಕೈಬಿಟ್ಟುಹೋಯಿತು. ಜೀರ್ಣೋದ್ಧಾರದ ಹಣವನ್ನು ನಿಲ್ಲಿಸಿ, ಜೀರ್ಣವಾಯಿತೆಂಬ ಕಾರಣವನ್ನೇ ಮುಂದಿಟ್ಟು ಹಸ್ತಾಂತರಿಸುವ ಈ ಕ್ರಮವನ್ನು ಆಡಳಿತದ ಅಲಕ್ಷ್ಯವೆಂದಷ್ಟೇ ಕರೆದರೆ ಸಾಲದು. ಅದು ಪರಿಣಾಮದಲ್ಲಿ ಒಂದು ಸಾಂಸ್ಕೃತಿಕ ನೀತಿಯೇ ಆಗುತ್ತದೆ.

4

ಕೇಂದ್ರ ಸಂಸ್ಕೃತಿ ಇಲಾಖೆಯ ರೆಪರ್ಟರಿ ಅನುದಾನವು ಗುರುವಿಗೂ ಶಿಷ್ಯರಿಗೂ ಮಾಸಿಕ ನೆರವಾಗಿ ಸಲ್ಲುತ್ತದೆ. ಕಟ್ಟಡ ನಿರ್ಮಾಣಕ್ಕೆ ಬೇರೆಯೇ ಯೋಜನೆಯಿದೆ. ವ್ಯಕ್ತಿಗೆ ಹಣವುಂಟು, ಆರಂಭಕ್ಕೆ ಹಣವುಂಟು. ವಿದ್ಯುತ್ತಿಗೆ, ಕಾವಲುಗಾರನಿಗೆ, ಮಳೆಗಾಲದಲ್ಲಿ ಸೋರುವ ಮಾಡಿಗೆ ನಿಶ್ಚಿತವಾದ ಬಾಬಿಲ್ಲ. ಕಟ್ಟುವುದರಲ್ಲಿ ಉದ್ಘಾಟನೆಯ ಫಲಕವಿದೆ, ಕಾಪಾಡುವುದರಲ್ಲಿ ಅದಿಲ್ಲ.

ಖಾಸಗಿ ಹಣ ಹೆಚ್ಚು ಮುಕ್ತವೆಂಬ ನಂಬಿಕೆಯೂ ವಿಮರ್ಶೆಗೆ ನಿಲ್ಲದು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗೆ ಮೀಸಲಿಡುವಾಗ ಕಲೆ, ಸಂಸ್ಕೃತಿಗಳನ್ನೂ ಹೆಸರಿಸಿತು. ಆದರೆ ಬುಧನ್ ಶಬರನ ಸಾವನ್ನು ಕುರಿತ ನಾಟಕವು ಕಂಪನಿಯ ವಾರ್ಷಿಕ ವರದಿಗೆ ಒಗ್ಗುವ ವಸ್ತುವಲ್ಲ. ವಿದೇಶಿ ನೆರವಿನ ಅಸ್ಥಿರತೆಯೂ ಕಂಡದ್ದೇ. ನೀನಾಸಂಗೆ ನೆರವಾಗಿದ್ದ ಅದೇ ಫೋರ್ಡ್ ಪ್ರತಿಷ್ಠಾನವನ್ನು, ಗುಜರಾತ್ ಸರ್ಕಾರದ ದೂರಿನ ತರುವಾಯ, ಕೇಂದ್ರವು 2015ರಲ್ಲಿ ಪೂರ್ವಾನುಮತಿಯ ಪಟ್ಟಿಗೆ ಸೇರಿಸಿ 2016ರಲ್ಲಿ ತೆರವುಗೊಳಿಸಿತು.

ಆದುದರಿಂದ ಸಾರ್ವಜನಿಕ ಹಣವನ್ನು ಸಂದೇಹಿಸುವುದು ನ್ಯಾಯವಾದರೂ ಅದನ್ನು ಬಿಟ್ಟುಕೊಡುವುದು ನ್ಯಾಯವಲ್ಲ. ಅದು ಪ್ರಭುವಿನ ಹಣವಲ್ಲ, ತೆರಿಗೆ ಕೊಟ್ಟವರ ಹಣ. ಛಾರಾನಗರದವನೂ ವಟ್ವಾದ ಕಾರ್ಮಿಕನೂ ಆ ತೆರಿಗೆಯನ್ನು ಕೊಟ್ಟವರೇ. ಕೇಳಬೇಕಾದುದು ಮೊತ್ತದ ಹೆಚ್ಚಳವನ್ನಷ್ಟೇ ಅಲ್ಲ, ನೆರವಿನ ಸ್ವರೂಪದ ಬದಲಾವಣೆಯನ್ನು: ದೀರ್ಘಾವಧಿಗೆ ನೆಲ ಅಥವಾ ಅಲ್ಪ ಬಾಡಿಗೆಯ ಸ್ಥಳ, ಕಾರ್ಯಕ್ರಮದ ವಸ್ತುವಿಗೆ ಗಂಟುಹಾಕದ ನಿರ್ವಹಣಾ ನಿಧಿ, ಲೆಕ್ಕವನ್ನು ಪರಿಶೀಲಿಸಿ ಕೃತಿಯನ್ನು ಪರಿಶೀಲಿಸದ ಮಂಡಳಿ. ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರ ರಂಗಭೂಮಿಗೂ ಖಂಡಸ್ಫುಟಿತ ಜೀರ್ಣೋದ್ಧಾರದ ಬಾಬು ದೊರೆತಾಗಲೇ ಶಾಸನದ ಆ ಹಳೆಯ ಮಾತು ಪ್ರಜಾಪ್ರಭುತ್ವಕ್ಕೆ ಸಲ್ಲುವ ಮಾತಾಗುತ್ತದೆ.