ಖಾನೋಲ್ಕರರ ಸಂಶೋಧನೆಯೂ ರೋಗನಾಮದ ವಿಚಾರವೂ

ಗ್ರಂಥಕ್ಕೆ ಹೆಸರಿಡುವುದು ಕವಿಯ ಕೆಲಸ. ರೋಗಕ್ಕೆ ಹೆಸರಿಡುವುದು ವೈದ್ಯನ ಕೆಲಸ. ಗ್ರಂಥದ ಹೆಸರು ತಪ್ಪಿದರೆ ವಾಚಕನು ಒಂದು ಪುಸ್ತಕವನ್ನು ಕಳೆದುಕೊಂಡಾನು. ರೋಗದ ಹೆಸರು ತಪ್ಪಿದರೆ ರೋಗಿಯು ಕಾಲವನ್ನು ಕಳೆದುಕೊಳ್ಳುವನು, ಕಾಲದೊಡನೆ ಒಮ್ಮೊಮ್ಮೆ ಪ್ರಾಣವನ್ನೂ. ಆದುದರಿಂದ ವೈದ್ಯರ ಬರೆವಣಿಗೆಯನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದು ಅಪ್ರಸ್ತುತವೆಂದು ವಾಚಕರು ಎಣಿಸಬಾರದು. ವಸಂತ ರಾಮಜಿ ಖಾನೋಲ್ಕರರು ಚರ್ಮದ ಕ್ಯಾನ್ಸರಿನ ಒಂದು ಬಗೆಯನ್ನು ಕುರಿತು ನಡೆಸಿದ ಸಂಶೋಧನೆಯನ್ನೂ ಅದರಿಂದ ಹುಟ್ಟಿದ ಹೆಸರುಗಳನ್ನೂ ಈ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಬಗೆಯು ಧೋತರ ಸೀರೆಗಳನ್ನುಡುವ ಬೀದರ ಜಿಲ್ಲೆಯ ಜನಕ್ಕೆ ದೂರದ ಸಂಗತಿಯಲ್ಲ.

ಖಾನೋಲ್ಕರರು (1895–1978) ಲಂಡನ್ನಿನಲ್ಲಿ ಪೆಥಾಲಜಿ ಎಂಬ ವಿಕೃತಿಶಾಸ್ತ್ರವನ್ನು ವ್ಯಾಸಂಗಮಾಡಿ, ಮುಂಬಯಿಯ ವೈದ್ಯಕೀಯ ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದವರು. 1941ರಲ್ಲಿ ಅಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆದಾಗ ಅದರ ಪ್ರಯೋಗಶಾಲೆಗಳ ಹೊಣೆಯನ್ನು ವಹಿಸಿದರು. 1952ರಲ್ಲಿ ಸ್ಥಾಪಿತವಾದ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರವನ್ನು ಮೊದಲಿನಿಂದ ನಡೆಯಿಸಿದವರೂ ಅವರೇ. ಅವರು ಶಸ್ತ್ರವೈದ್ಯರಲ್ಲ. ಶಸ್ತ್ರವೈದ್ಯರು ಕೊಯ್ದು ಕಳುಹಿಸಿದ ಮಾಂಸಖಂಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗವಾವುದೆಂದು ನಿರ್ಣಯಿಸುವುದು ಅವರ ಕೆಲಸ. ಆದರೆ ಆ ಖಂಡವು ಯಾರ ಮೈಯದು, ಆತನು ಏನನ್ನು ತಿನ್ನುವನು, ಏನನ್ನು ಉಡುವನು ಎಂದು ಕೇಳುವ ಕುತೂಹಲವು ಅವರಲ್ಲಿತ್ತು. ಸಹೋದ್ಯೋಗಿಯಾದ ಸೂರ್ಯಬಾಯಿಯವರೊಡನೆ ಅವರು 1945ರಲ್ಲಿ ಅಮೆರಿಕದ 'ಆರ್ಕೈವ್ಸ್ ಆಫ್ ಪೆಥಾಲಜಿ' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಆ ಕುತೂಹಲದ ಫಲ. ರೂಢಿಗಳಿಗೂ ಕ್ಯಾನ್ಸರಿಗೂ ಇರುವ ಸಂಬಂಧ, ಭಾರತದಲ್ಲಿ ಕಂಡ ಮೂರು ಹೊಸ ಬಗೆಗಳು ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಅವುಗಳಲ್ಲೊಂದು, ಧೋತರವನ್ನು ಬಿಗಿದು ಕಟ್ಟುವ ನಡುವಿನ ಚರ್ಮದಲ್ಲಿ ಹುಟ್ಟುವ 'ಧೋತಿ ಕ್ಯಾನ್ಸರ್'.

ಇಂತಹ ಶೋಧನೆಗೆ ಪೂರ್ವಪರಂಪರೆಯುಂಟು. ಹೊಗೆಗೂಡು ಗುಡಿಸುವವರ ವೃಷಣಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ಪರ್ಸಿವಲ್ ಪಾಟ್ 1775ರಲ್ಲಿ ಬರೆದನು. ಚಳಿಗೆ ಕೆಂಡದ ಕಾಂಗಡಿಯನ್ನು ಬಟ್ಟೆಯೊಳಗೆ ಹಿಡಿದುಕೊಳ್ಳುವ ಕಾಶ್ಮೀರಿಗಳ ಹೊಟ್ಟೆ ತೊಡೆಗಳಲ್ಲಿ ಏಳುವ ಕ್ಯಾನ್ಸರನ್ನು ಎಲ್ಮ್ಸ್ಲಿ ಎಂಬ ಮಿಶನರಿ ವೈದ್ಯನು 1866ರಲ್ಲಿ ವರ್ಣಿಸಿದನು. 1915ರಲ್ಲಿ ಜಪಾನಿನ ಯಮಗಿವ, ಇಚಿಕಾವ ಎಂಬವರು ಮೊಲದ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ಮತ್ತೆ ಮತ್ತೆ ಬಳಿದು ಕ್ಯಾನ್ಸರನ್ನು ಹುಟ್ಟಿಸಿ, ಪಾಟನ ಊಹೆಗೆ ಪ್ರಯೋಗದ ಬಲವನ್ನು ಕೊಟ್ಟರು. ಖಾನೋಲ್ಕರರ ಪ್ರಬಂಧದ ಹೆಚ್ಚಳವು ಶೀರ್ಷಿಕೆಯ ಆ ಒಂದು ಪದದಲ್ಲಿದೆ: ರೂಢಿ. ರೋಗಕ್ಕೆ ಕುಲವನ್ನೋ ಪ್ರಾರಬ್ಧವನ್ನೋ ಕಾರಣವಾಗಿ ಹೇಳಿ ಸುಮ್ಮನಾಗುವುದು ಸುಲಭ. ರೂಢಿಯೆಂದು ಹೇಳಿದರೆ ಮನುಷ್ಯನು ತಿದ್ದಿಕೊಳ್ಳಬಹುದಾದುದನ್ನು ತೋರಿಸಿಕೊಟ್ಟಂತಾಯಿತು. ಒಂದು ಪದದಲ್ಲಿ ಇಷ್ಟು ಹಿತವನ್ನು ಅಡಗಿಸಿದ ಬರೆವಣಿಗೆಯನ್ನು ಶ್ಲಾಘಿಸದಿರಲಾಗದು.

ರೋಗವು ಬೆಳೆಯುವ ಕ್ರಮವನ್ನು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂತಹ ಊರಿನ ಬಾಳಿನಲ್ಲಿಟ್ಟು ನೋಡಿದರೆ ತಿಳಿಯಲು ಸುಲಭ. ತೊಗರಿ ಜೋಳಗಳ ಹೊಲಕ್ಕೆ ಹೋಗುವ ಹೆಂಗಸು ನಡುವಿಗೆ ಸೀರೆಯನ್ನು ಬಿಗಿದುಕೊಂಡೇ ಹೋಗುವಳು. ಸಡಿಲಿದರೆ ಬಾಗಿ ಏಳುವ ಕೆಲಸ ಸಾಗದು. ಹಿರಿಯ ಗಂಡಸರ ಧೋತರದ ಬಿಗಿಯೂ ಅಂತಹುದೇ. ಕಟ್ಟು ದಿನವೂ ಅದೇ ತಾವಿನಲ್ಲಿ ಬೀಳುವುದು. ಒತ್ತಡಕ್ಕೂ ತಿಕ್ಕಾಟಕ್ಕೂ ಅಲ್ಲಿನ ಚರ್ಮವು ಮೊದಲು ಕಪ್ಪಾಗಿ ಒರಟಾಗುವುದು, ಇಲ್ಲವೆ ಬಣ್ಣಗೆಡುವುದು. ಬೆವರು ಧೂಳುಗಳು ಸೇರಿ ನವೆಯೂ ಬಿರುಕೂ ಹುಟ್ಟುವುವು. ರಾತ್ರಿ ಮಾಯಲು ತೊಡಗಿದ ಗಾಯವನ್ನು ಬೆಳಗಿನ ಕಟ್ಟು ಮತ್ತೆ ಕೆದಕುವುದು. ಹೀಗೆ ವರ್ಷಗಟ್ಟಲೆ ಮಾಯದೆ ಉಳಿದ ಹುಣ್ಣಿನಲ್ಲಿ ಕೆಲವರಿಗೆ ಕ್ಯಾನ್ಸರು ಹುಟ್ಟುವುದುಂಟು. ಇಂತಹ ಹುಣ್ಣಿಗೆ ವೈದ್ಯರು, 1828ರಲ್ಲಿ ಹಳೆಯ ಗಾಯದ ಕಲೆಗಳ ಮೇಲಣ ಹುಣ್ಣುಗಳನ್ನು ವರ್ಣಿಸಿದ ಫ್ರಾನ್ಸಿನ ಮಾರ್ಜೋಲಾನನ ಹೆಸರನ್ನಿಟ್ಟಿರುವರು. ಭಾರತೀಯರ ಮೈಬಣ್ಣವು ಬಿಸಿಲಿನಿಂದುಂಟಾಗುವ ಚರ್ಮದ ಕ್ಯಾನ್ಸರನ್ನು ಬಹುಮಟ್ಟಿಗೆ ತಡೆಯುವುದು. ಹಳೆಯ ಹುಣ್ಣಿನಿಂದ ಹುಟ್ಟುವುದನ್ನು ತಡೆಯಲಾರದು. ರೋಗವು ವಿರಳ, ನಿಜ. ಆದರೆ ತಡೆಯಬಹುದಾದ ರೋಗದಿಂದ ಒಬ್ಬರು ನರಳಿದರೂ ಅದು ವಿಚಾರಕ್ಕೆ ಅರ್ಹವೇ.

ಇನ್ನು ಹೆಸರಿನ ವಿಚಾರ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳನ್ನು ತಾರ್ಕಿಕರು ಹೇಳುವರು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿಯುವುದು, ಅದು ಅವ್ಯಾಪ್ತಿ. ಕೊಂಬೇ ಲಕ್ಷಣವೆಂದರೆ ಎಮ್ಮೆಯೂ ಒಳಸೇರುವುದು, ಅದು ಅತಿವ್ಯಾಪ್ತಿ. 'ಧೋತಿ ಕ್ಯಾನ್ಸರ್' ಎಂಬ ನಾಮದಲ್ಲಿ ಈ ಎರಡೂ ಉಂಟು. ಧೋತರವನ್ನುಟ್ಟು ಸುಖವಾಗಿ ಬಾಳಿದ ಕೋಟ್ಯಂತರ ಜನರ ಉಡುಗೆಯ ಮೇಲೆ ಅದು ಅಪವಾದವನ್ನು ಹೊರಿಸುವುದು. ಅದೇ ರೋಗವು ಬಂದ ಹೆಂಗಸನ್ನು ಹೊರಗಿಡುವುದು. ಮುಂದೆ ವೈದ್ಯರು 'ಸೀರೆ ಕ್ಯಾನ್ಸರ್' ಎಂದರು. ದೋಷವು ಗಂಡಸರಿಂದ ಹೆಂಗಸರ ಕಡೆಗೆ ತಿರುಗಿತೇ ಹೊರತು ಹೋಗಲಿಲ್ಲ. 2024ರಲ್ಲಿ ವಾರ್ಧಾದ ಹಾಗೂ ಬಿಹಾರದ ವೈದ್ಯರು 'ಬಿಎಂಜೆ ಕೇಸ್ ರಿಪೋರ್ಟ್ಸ್' ಎಂಬ ಪತ್ರಿಕೆಯಲ್ಲಿ ಇಬ್ಬರು ವೃದ್ಧೆಯರ ವೃತ್ತಾಂತವನ್ನು ಬರೆದು, ತಪ್ಪು ಸೀರೆಯದಲ್ಲ, ಒಳಲಂಗದ ಲಾಡಿಯ ಬಿಗಿಯದು ಎಂದು ವಾದಿಸಿ, 'ಪೆಟಿಕೋಟ್ ಕ್ಯಾನ್ಸರ್' ಎಂಬ ಹೆಸರನ್ನು ಸೂಚಿಸಿದರು. ಬಿಗಿಯನ್ನೇ ಗುರುತಿಸಿದ ಅವರ ವಿವೇಕವು ಮೆಚ್ಚತಕ್ಕುದು. ಆದರೆ ಅವರು ವರ್ಣಿಸಿದ ಎರಡನೆಯ ವೃದ್ಧೆಯು ಒಳಲಂಗವನ್ನು ಉಟ್ಟವಳೇ ಅಲ್ಲ! ನಲವತ್ತು ವರ್ಷ ಲುಗಡೆಯನ್ನು ನೇರವಾಗಿ ನಡುವಿಗೆ ಬಿಗಿದುಟ್ಟವಳು; ರೋಗವು ಆಕೆಯ ತೊಡೆಸಂದಿನ ಗ್ರಂಥಿಗೂ ಹರಡಿದ್ದಿತು. ತಾನು ಕೊಟ್ಟ ಉದಾಹರಣೆಯನ್ನೇ ಒಳಗೊಳ್ಳದ ನಾಮವನ್ನು ಏನೆನ್ನಬೇಕು?

ಕನ್ನಡದ ಪದಗಳಾದರೂ ನಿರ್ದುಷ್ಟವೇ ಎಂದರೆ ಹಾಗೂ ಹೇಳಲಾಗದು. ಕ್ಯಾನ್ಸರಿಗೆ 'ಅರ್ಬುದ' ಎಂಬ ಸಂಸ್ಕೃತಪದವನ್ನು ವಿದ್ವಾಂಸರು ಬಳಸುವರು. ಸುಶ್ರುತನು ನಿದಾನಸ್ಥಾನದಲ್ಲಿ ಹೇಳುವ ಅರ್ಬುದವು ದುಂಡಗಿನ, ಸ್ಥಿರವಾದ, ಆಳವಾಗಿ ಬೇರೂರಿ ಮೆಲ್ಲನೆ ಬೆಳೆಯುವ, ಕೀವಾಗದ ಗಡ್ಡೆ. 'ಏಡಿಗಂತಿ' ಎಂಬ ಅಚ್ಚಕನ್ನಡ ಪದದಲ್ಲಿಯೂ ಗಂತಿಯೆಂದರೆ ಗಂಟೇ. ಈ ಪದಗಳನ್ನು ಕೇಳಿ ಬೆಳೆದ ಗೃಹಿಣಿಯು ಗಂಟು ಕಾಣಲೆಂದು ಕಾಯುವಳು. ನಡುವಿನ ಹುಣ್ಣನ್ನು ಕಂಡರೆ ಅರಿಶಿನವನ್ನೋ ಎಣ್ಣೆಯನ್ನೋ ಹಚ್ಚಿ ಮತ್ತೆ ಅದರ ಮೇಲೆಯೇ ಲಾಡಿಯನ್ನು ಬಿಗಿಯುವಳು. ಪಾಂಡಿತ್ಯದ ಪದವು ಇಲ್ಲಿ ಕಣ್ಣಿಗೆ ಕಟ್ಟಿದ ಬಟ್ಟೆಯಾಗುವುದು.

ಖಾನೋಲ್ಕರರ ಪ್ರಬಂಧಕ್ಕೆ ಇನ್ನೊಂದು ಕೊರತೆಯನ್ನು ಎತ್ತಿ ತೋರಿಸಬಹುದು. ಧೋತರ ಉಡುವವನ ಮೈಯಿಂದ ತೆಗೆದ ಜ್ಞಾನವು ಅಮೆರಿಕದ ಓದುಗರಿಗೆ ಇಂಗ್ಲಿಷಿನಲ್ಲಿ ತಲುಪಿತು. ಧೋತರ ಉಡುವವನಿಗೆ ತಲುಪಲಿಲ್ಲ. ವಿಜ್ಞಾನಿಯು ವಿಜ್ಞಾನಿಗಳಿಗಾಗಿ ಬರೆದುದು ಅಪರಾಧವಲ್ಲ. ಅದನ್ನು ದೇಶಭಾಷೆಗೆ ತರಬೇಕಾದವರ ಆಲಸ್ಯವೇ ಅಪರಾಧ. ಜನರ ನುಡಿಯಲ್ಲಿ ಹೇಳಿದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವು ದೂರದಲ್ಲಿಲ್ಲ. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ದಾಖಲೆಯು ಆರಂಭವಾಯಿತು. ಅದರ ಕಾರ್ಯಕರ್ತರು ಹಳ್ಳಿಹಳ್ಳಿಗೂ ಹೋಗಿ, ರೋಗಿಗಳನ್ನು ಎಣಿಸುವುದರೊಡನೆ ರೋಗದ ಕುರುಹುಗಳನ್ನೂ ಜನರಿಗೆ ಹೇಳಿದರು. ಗರ್ಭಕೊರಳಿನ ಕ್ಯಾನ್ಸರುಳ್ಳ ಹೆಂಗಸರು ಅದರಿಂದಾಗಿ ಮೊದಲಿಗಿಂತ ಬೇಗನೆ, ರೋಗವು ಇನ್ನೂ ಎಳೆಯದಾಗಿರುವಾಗಲೇ, ಆಸ್ಪತ್ರೆಗೆ ಬರತೊಡಗಿದರು. ಬಾಯಿಮಾತಿನ ಬಲವು ಅಷ್ಟು.

ಹಾಗಾದರೆ ಈ ರೋಗಕ್ಕೆ ತಕ್ಕ ಹೆಸರಾವುದು? 'ನಡುಕಟ್ಟಿನ ಮಾಯದ ಹುಣ್ಣು' ಎಂದರೆ ಸಾಕೆಂದು ತೋರುವುದು. ಇದರಲ್ಲಿ ಧೋತರ, ಸೀರೆ, ಲುಗಡೆ, ಲಾಡಿ, ಉಡಿದಾರ ಎಲ್ಲವೂ ಅಡಗುವುವು. ಯಾವ ಉಡುಗೆಗೂ ಅಪಕೀರ್ತಿಯಿಲ್ಲ. ಸ್ಥಾನವನ್ನು 'ನಡು' ಹೇಳುವುದು, ಕಾರಣವನ್ನು 'ಕಟ್ಟು' ಹೇಳುವುದು, ಎಚ್ಚರಿಕೆಯನ್ನು 'ಮಾಯದ' ಎಂಬ ವಿಶೇಷಣವು ಹೇಳುವುದು. ಕ್ಯಾನ್ಸರಿನಂತಹ ಘೋರರೋಗವನ್ನು ಹುಣ್ಣೆಂದು ಕರೆದರೆ ಜನರು ಹಗುರವಾಗಿ ಎಣಿಸರೇ ಎಂಬ ಆಕ್ಷೇಪವು ಬರಬಹುದು. ಆಕ್ಷೇಪವು ಸಾಧುವೇ. ಆದರೆ ಹೆಸರು ಬೇಕಾದುದು ಹುಣ್ಣು ಕ್ಯಾನ್ಸರಾಗುವುದಕ್ಕೆ ಮುಂಚೆ. ಆದ ಬಳಿಕ ಸೂಕ್ಷ್ಮದರ್ಶಕವನ್ನುಳ್ಳವರು ತಮ್ಮ ಶಾಸ್ತ್ರದ ಹೆಸರನ್ನು ಇಡಲಿ. ಹುಣ್ಣನ್ನೂ ಸುತ್ತಣ ಚರ್ಮವನ್ನೂ ಅಗಲವಾಗಿ ಕೊಯ್ದು, ಬೇಕಾದರೆ ಗ್ರಂಥಿಗಳನ್ನೂ ತೆಗೆದು, ಬೇರೆಡೆಯ ಚರ್ಮವನ್ನು ಹೊದಿಸಲಿ. ಅದಕ್ಕೆ ಮುಂಚಿನ ಚಿಕಿತ್ಸೆಯು ಮನೆಯಲ್ಲಿಯೇ ಉಂಟು: ಸಣ್ಣ ಲಾಡಿಯ ಬದಲು ಅಗಲವಾದ ಪಟ್ಟಿ, ದಿನಕ್ಕೊಂದು ತಾವಿನಲ್ಲಿ ಕಟ್ಟು, ಮನೆಗೆ ಬಂದೊಡನೆ ಸಡಿಲವಾದ ಉಡುಗೆ.

ನಡುವು ಮರೆಯ ಅಂಗ. ಮುದುಕಿಯು ತಾನಾಗಿ ವೈದ್ಯನಿಗೆ ತೋರಿಸಳು. ಮೀಯಿಸುವ ಸೊಸೆಗೋ ಮೊಮ್ಮಗಳಿಗೋ ಅದು ಮೊದಲು ಕಾಣುವುದು. ಮೂರು ನಾಲ್ಕು ವಾರಗಳಾದರೂ ಮಾಯದ ಹುಣ್ಣನ್ನು ಕಂಡವಳು 'ಅತ್ತೀ, ಇದನ್ನು ಬೀದರದ ದೊಡ್ಡ ದವಾಖಾನೆಯಲ್ಲಿ ತೋರಿಸೋಣ' ಎಂದು ಹೇಳುವಷ್ಟು ತಿಳಿವಳಿಕೆಯನ್ನು ಒಂದು ಹೆಸರು ಕೊಟ್ಟರೆ, ಖಾನೋಲ್ಕರರು 1945ರಲ್ಲಿ ಬರೆದುದು ತಲುಪಬೇಕಾದ ಮನೆಯನ್ನು ತಲುಪಿದಂತಾಗುವುದು.