ಮೂಕಚಿತ್ರದಲ್ಲಿ ಪ್ರವಹಣ ವಿಪರ್ಯಯ

1914ರ ಅಮೆರಿಕದ ಮೂಕ ಪ್ರಹಸನ ‘ದಿ ಈಜಿಪ್ಶಿಯನ್ ಮಮ್ಮಿ’ಯಲ್ಲಿ ಅಲೆಮಾರಿಯೊಬ್ಬನಿಗೆ ಬಟ್ಟೆ ಸುತ್ತಿ, ಪುರಾತನ ಶವವೆಂದು ಪ್ರಾಧ್ಯಾಪಕನ ಮನೆಗೆ ಸೇರಿಸುತ್ತಾರೆ. ಈ ನಗೆಗೆ ಮಾತು ಬೇಕಿಲ್ಲ. ಶವವೂ ಮೂಕ, ಚಿತ್ರವೂ ಮೂಕ. ಮೋಹನ ಭವನಾನಿಯವರು 1927ರಲ್ಲಿ ಮುಂಬಯಿಯಲ್ಲಿ ತೆಗೆದ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಸುಲೋಚನಾ ಎಂಟು ವೇಷಗಳನ್ನು ತೊಟ್ಟರು. ಅಲ್ಲಿಯೂ ಕಣ್ಣು ಮೋಸಹೋದರೆ ಸಾಕು.

ಅದೇ ಭವನಾನಿಯವರು ಮೂಕಿಯುಗದ ಕೊನೆಯಲ್ಲಿ ಶೂದ್ರಕನ ಮೃಚ್ಛಕಟಿಕವನ್ನು ‘ವಸಂತಸೇನಾ’ ಎಂದು ತೆರೆಗೆ ತಂದಾಗ ಕಾರ್ಯ ಅಷ್ಟು ಸುಲಭವಾಗಿರಲಾರದು. ಆರನೆಯ ಅಂಕದ ‘ಪ್ರವಹಣ ವಿಪರ್ಯಯ’, ಎಂದರೆ ಬಂಡಿಗಳ ಅದಲುಬದಲು, ಕಣ್ಣಿಗೆ ಒಗ್ಗುವಂಥದೇ. ಉದ್ಯಾನದಲ್ಲಿ ಕಂಡ ಇನ್ನಾವಳದೋ ಶವವನ್ನು ನ್ಯಾಯಾಲಯವು ವಸಂತಸೇನೆಯದೆಂದು ನಂಬುವುದೂ ಹಾಗೆಯೇ. ಆ ಪ್ರಹಸನದಲ್ಲಿ ಬದುಕಿದವನು ಹೆಣವಾದರೆ, ಇಲ್ಲಿ ಪರರ ಹೆಣವು ಬದುಕಿದವಳ ಹೆಸರು ಹೊತ್ತು ಚಾರುದತ್ತನನ್ನು ವಧ್ಯಸ್ಥಾನಕ್ಕೆ ಎಳೆಯುತ್ತದೆ. ಆದರೆ ಸೆರೆಯಿಂದ ತಪ್ಪಿಸಿಕೊಂಡ ಆರ್ಯಕನು ಬಂಡಿ ಹತ್ತುವಾಗ ಕಾಲಿನ ಸಂಕೋಲೆ ಸದ್ದುಮಾಡುತ್ತದೆ. ಬಂಡಿಯವನು ಅದನ್ನು ವಸಂತಸೇನೆಯ ನೂಪುರವೆಂದು ಭಾವಿಸುತ್ತಾನೆ. ನಾಟಕದ ಅತಿ ಸೂಕ್ಷ್ಮವಾದ ಈ ಭ್ರಾಂತಿ ಕಿವಿಯದು. ಅಕ್ಷರಫಲಕ ಅದನ್ನು ತಿಳಿಸೀತು, ನಗಿಸಲಾರದು. ಶಕಾರನ ಹಾಸ್ಯವಂತೂ ಪುರಾಣಗಳನ್ನು ತಲೆಕೆಳಗು ಮಾಡುವ ಅವನ ನಾಲಗೆಯಲ್ಲಿಯೇ ಇದೆ.

ಆ ಚಿತ್ರದಲ್ಲಿ ಏಣಾಕ್ಷಿ ರಾಮರಾವ್ ಹಾಗೂ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆಗೆ ಟಿ. ಪಿ. ಕೈಲಾಸಂ ನಟಿಸಿದರು. ಇಂಗ್ಲಿಷು ಬೆರೆತ ಮನೆಮಾತನ್ನೇ ಕನ್ನಡ ರಂಗಭೂಮಿಯ ನಗೆಯ ಮೂಲವಾಗಿಸಿದ ಕೈಲಾಸಂ ಕ್ಯಾಮೆರಾಕ್ಕೆ ದೊರೆತದ್ದು ಬರಿಯ ಮುಖವಾಗಿ! 1931ರಲ್ಲಿ ಮುಂಬಯಿಯ ‘ಆಲಂ ಆರಾ’ ಮಾತನಾಡಿತು. ಕನ್ನಡ ತೆರೆ ಬಾಯಿಬಿಡಲು 1934ರ ‘ಸತಿ ಸುಲೋಚನಾ’ದವರೆಗೆ ಕಾಯಬೇಕಾಯಿತು.